ಗೇಟ್ ಕಾದವರ ಅಂಗಿ

ಯಜಮಾನರಿಗೆ, ಕ್ಲಬ್ಬಿನ ಬಟ್ಟೆ ಒಗೆಯುವವಳ ನಮಸ್ಕಾರ.

ಹನ್ನೊಂದೇ ಜೆರ್ಸಿಗಳಿದ್ದ ಕಾಲದಿಂದ ನಿಮ್ಮ ಫುಟ್‌ಬಾಲ್ ತಂಡದ ಬಟ್ಟೆ ಒಗೆದಿದ್ದೇನೆ. ಕಪ್ ಗೆದ್ದ ವರ್ಷ ಮೂರು ವಾಷಿಂಗ್ ಮೆಷಿನ್ ತರಿಸಿ, "ಇನ್ಮೇಲೆ ನೀನು ರಾಣಿ ಕಣಮ್ಮಾ" ಅಂದಿರಿ. ಆಮೇಲೆ ಸಾಲ ಮಾಡಿ ದುಬಾರಿ ಆಟಗಾರರನ್ನು ತಂದಿರಿ. ಬ್ಯಾಂಕಿನವರು ಮೆಷಿನ್‌ಗಳನ್ನೂ ಹೊತ್ತೊಯ್ದರು. ರಾಣಿ ಮತ್ತೆ ಬಕೆಟ್ ಮುಂದೆ ಕೂತಳು.

ಕ್ಲಬ್ ದಿವಾಳಿಯೆಂದು ತಿಳಿದ ದಿನ ಅಭಿಮಾನಿಗಳು ಕಬ್ಬಿಣದ ಸರಳು ಹಿಡಿದು ಬಂದರು. ಗೇಟ್ ಕಾಯುತ್ತಿದ್ದ ನಮ್ಮ ಮನೆಯವರಿಗೆ ನೀವು, "ಏನೇ ಆಗ್ಲಿ, ಗೇಟ್ ತೆಗೀಬೇಡ" ಎಂದು ಫೋನಿನಲ್ಲಿ ಹೇಳಿ ಹಿಂಬಾಗಿಲಿನಿಂದ ಹೊರಟುಹೋದಿರಿ. ಅವರು ತೆಗೆಯಲಿಲ್ಲ. ಬೀಗದ ಕೈ ಹಿಡಿದಿದ್ದ ಬೆರಳುಗಳನ್ನು ಜನ ಒಂದೊಂದಾಗಿ ಮುರಿದರು. ಆಮೇಲೆ ತಲೆಗೆ ಹೊಡೆದರು. ಆಸ್ಪತ್ರೆಯಲ್ಲಿ ಒಮ್ಮೆ ಕಣ್ಣು ಬಿಟ್ಟು, "ಯಜಮಾನ್ರು ಮನೆ ಸೇರಿದ್ರಾ?" ಎಂದು ಕೇಳಿದರು. ಹೂಂ ಎಂದೆ. ಅದೇ ಅವರ ಕೊನೆಯ ಮಾತು.

ಕ್ಲಬ್ಬಿನ ಸಮವಸ್ತ್ರಗಳನ್ನೆಲ್ಲ ಒಗೆದು ಹಿಂದಿರುಗಿಸಬೇಕೆಂದು ನಿನ್ನೆ ನಿಮ್ಮ ಕಚೇರಿಯಿಂದ ಚೀಟಿ ಬಂತು. ಜೆರ್ಸಿಗಳನ್ನು ಒಗೆದು, ಮಡಿಸಿ ಕಳಿಸಿದ್ದೇನೆ. ನಮ್ಮ ಮನೆಯವರ ಸಮವಸ್ತ್ರದ ಅಂಗಿಯನ್ನು ಮಾತ್ರ ಆಸ್ಪತ್ರೆಯವರು ಕೊಟ್ಟ ಹಾಗೆಯೇ ಇದರ ಜೊತೆ ಇಟ್ಟಿದ್ದೇನೆ. ಇದನ್ನು ನಿಮ್ಮ ಕೈಯಾರೆ ಒಗೆಯಿರಿ. ತಣ್ಣೀರಿನಲ್ಲೇ ನೆನೆಸಿ. ಬಿಸಿನೀರು ಹಾಕಿದರೆ ರಕ್ತ ಅಲ್ಲೇ ಕೂತುಬಿಡುತ್ತದೆ.

ಇಂತಿ,
ನಿಮ್ಮ ಗೇಟ್ ಕಾದವರ ಹೆಂಡತಿ