ಕಿಟಕಿಯಾಚೆ ಹಿಡಿದ ಫೋನ್

ಮಾರ್ಚ್ 3, ಮಂಗಳವಾರ

ಬೆಳಗ್ಗೆಯಿಂದ ಬರೀ ಕಾಜ, ಗುಂಡಿ. ಅಕ್ಕನನ್ನು ಕರೆಯಲು ಖಾಲಿ ದಾರದ ರೀಲು ಎಸೆದೂ ಎಸೆದೂ ಕೈ ನೋವು — ನಮ್ಮ ಹೊಲಿಗೆ ಅಂಗಡಿಯಲ್ಲಿ ಅವಳನ್ನು ಕೂಗುವ ಪರಿ ಅದು. ಒಂದು ತಿಂಗಳು ಹಾಕಿ ನೋಡಿ ಎಂದು ಕೊಟ್ಟ ಹೊಸ ಕಿವಿ ಮಷಿನ್ ಹಾಕಿಕೊಂಡವಳು ತಕ್ಷಣ ಕಿತ್ತಿಟ್ಟಳು. "ತಲೆಯೊಳಗೆ ಸಂತೆ ನೆರೆದ ಹಾಗಿದೆ ಕಣೇ. ತಿಂಗಳ ಕೊನೆಗೆ ವಾಪಸ್ ಕೊಟ್ಬಿಡ್ತೀನಿ." ಮೊದಲು ಗದ್ದಲವಿಲ್ಲದ ಕಡೆ ಅಭ್ಯಾಸವಾಗಲಿ ಎಂದಿದ್ದರು ಕಿವಿ ಡಾಕ್ಟರ್. ಹೊಲಿಗೆ ಯಂತ್ರಗಳ ನಡುವೆ ಅಂಥ ಜಾಗ ಎಲ್ಲಿಂದ ತರಲಿ?

ಮಾರ್ಚ್ 5

ಪ್ರವಾಸ! ನದಿ, ಕೋಟೆ... ಅಕ್ಕ ಕ್ಯಾಲೆಂಡರಿನಲ್ಲಿ ನೋಡಿ ನೋಡಿ ಆಸೆಪಟ್ಟ ಊರು. ನಮ್ಮ ತಮ್ಮ ಅಲ್ಲಿನ ದೊಡ್ಡ ಚೌಕದಲ್ಲೇ ಹೋಟೆಲ್ ನೋಡಿದ್ದಾನೆ. "ಕಿಟಕಿ ತೆಗೆದ್ರೆ ಗಡಿಯಾರದ ಗೋಪುರ, ಕೆಳಗೆ ಬ್ಯಾಂಡ್!" ಬ್ಯಾಂಡಂತೆ! ಬೇರೆ ಕಡೆ ನೋಡೋಣ ಕಣೋ ಎಂದರೆ, "ಮೂಲೆ ಬೀದೀಲಿ ಇರೋಕೆ ಅಷ್ಟು ದೂರ ಯಾಕೆ ಹೋಗ್ಬೇಕು?" ಮೈಯೆಲ್ಲ ಉರಿಯಿತು. ನೀನು ಟಿಕೆಟ್ ತೆಗಿ, ರೂಮು ನನಗೆ ಬಿಡು ಎಂದೆ.

ಮಾರ್ಚ್ 6, ಸಂಜೆ

ಫೋನ್ ಮಾಡಿದಲ್ಲೆಲ್ಲ "ತುಂಬಾ ಪ್ರಶಾಂತ ಮೇಡಂ". ನಾನೂ ಗಿರಾಕಿಗಳಿಗೆ "ನಾಳೆ ಖಂಡಿತ ಕೊಡ್ತೀನಿ" ಅನ್ನುವುದಿಲ್ಲವೇ! ಅದಕ್ಕೇ — "ಸ್ವಲ್ಪ ಫೋನ್ ಕಿಟಕಿಯಾಚೆ ಹಿಡೀರಿ." ಮೊದಲ ಕಡೆ ಬೈಕು. ಮತ್ತೊಂದು ಕಡೆ ಮೈಕಿನಲ್ಲಿ ಯಾರೋ ದೋಣಿಗೆ ಜನ ಕರೆಯುತ್ತಿದ್ದಾರೆ. ಆಮೇಲೆ ನದಿಯಾಚೆಯ ಒಂದು ಮನೆ. ಮನೆಯೊಡತಿ ನಗುತ್ತಲೇ ಹಿಡಿದರು. ಪೊರಕೆ ಸದ್ದು. ಪಾರಿವಾಳ. ಮತ್ತೆ...

"ಏನಾದ್ರೂ ಕೇಳಿಸ್ತಾ?"

"ಏನೂ ಇಲ್ಲ ಅಮ್ಮಾ, ಇದೇ ಬೇಕಿತ್ತು!"

ಕುಣಿದಾಡುವಷ್ಟು ಖುಷಿ. ಅಕ್ಕನತ್ತ ಒಟ್ಟಿಗೇ ಎರಡು ರೀಲು ಎಸೆದೆ.

ಮಾರ್ಚ್ 19

ಬಂದೇಬಿಟ್ಟೆವು! ಕಲ್ಲುಹಾಸಿನ ಓಣಿ. ನಮ್ಮ ಸೂಟ್‌ಕೇಸ್ ಚಕ್ರಗಳ ಗಡಗಡಕ್ಕೆ ಕಿಟಕಿಗಳೆಲ್ಲ ತೆರೆದವು — ಇಡೀ ಬೀದಿಗೆ ಗದ್ದಲವೆಂದರೆ ನಾವೇ. ತಮ್ಮನೋ ಮುಖ ಊದಿಸಿಕೊಂಡು ಚೌಕ ನೋಡಲು ಹೋದ. ಆದರೆ ಅಕ್ಕ ಕಿವಿ ಮಷಿನ್ ಮುಟ್ಟಲಿಲ್ಲ. "ಊರು ನೋಡೋಕೆ ಕಣ್ಣು ಸಾಕು ಬಿಡೇ." ಇಷ್ಟೆಲ್ಲ ಮಾಡಿದ್ದು ಇದಕ್ಕಾ?

ಮಾರ್ಚ್ 20, ಮಧ್ಯಾಹ್ನ

ಹಾಕಿಕೊಂಡಳು! ನಾನು ಹೇಳಲೂ ಇಲ್ಲ, ಬೆಳಗ್ಗೆ ಅವಳೇ. ಊಟವಾಯಿತು, ಇನ್ನೂ ಕಿತ್ತಿಲ್ಲ! ಈಗ ಬಾಲ್ಕನಿಯಲ್ಲಿ ನನಗೆ ಬೆನ್ನು ಹಾಕಿ ನದಿ ನೋಡುತ್ತ ಕೂತಿದ್ದಾಳೆ. ಕೇಳಿಸುತ್ತಿದೆಯೋ, ನನ್ನ ಸಮಾಧಾನಕ್ಕೆ ಹಾಕಿಕೊಂಡಿದ್ದಾಳೋ... ಕೇಳಲು ಭಯ. ನಾನು ಒಳಗೆ ಮಂಚದ ಮೇಲೆ, ಎಂದಿನ ಹಾಗೆ ಕದ್ದು ಇದನ್ನು ಬರೆಯುತ್ತಿದ್ದೇನೆ. ಇಷ್ಟು ವರ್ಷ ಅವಳ ಬೆನ್ನ ಹಿಂದೆಯೇ ಬರೆದೆ, ಒಮ್ಮೆಯೂ ಗೊತ್ತಾಗಿಲ್ಲ. ಚಹಾಕ್ಕೆ ಕರೆಯಬೇಕು. ಬ್ಯಾಗಿನಲ್ಲಿ ಒಂದು ರೀಲು ತಂದಿದ್ದೇನೆ, ಎಸೆದರೆ —

"ಆಗ್ಲಿಂದ ಏನೇ ಅದು, ಪರಪರ ಅಂತ ಗೀಚ್ತಾ ಇದ್ದೀಯ?"

ತಿರುಗಿಯೂ ನೋಡಿಲ್ಲ. ಬೆನ್ನು ಹಾಗೇ ಇದೆ. ಅಯ್ಯೋ, ಅಕ್ಕನಿಗೆ ನನ್ನ ಪೆನ್ನಿನ ಸ—