ಜೀನಿನ ಸಾಬೂನು

12-2-99, ಶುಕ್ರವಾರ

ಗಂಜಿ ಅರ್ಧ ಒಳಗೆ, ಅರ್ಧ ಗದ್ದದ ಮೇಲೆ. ಬಲದವಡೆಯಲ್ಲಿ ಉಳಿದದ್ದನ್ನು ಬೆರಳು ಹಾಕಿ ತೆಗೆದೆ. ಅಲ್ಲಿ ಅನ್ನ ಇದೆ ಅಂತಲೇ ಯಜಮಾನರಿಗೆ ತಿಳಿಯುವುದಿಲ್ಲ. ಮೊನ್ನೆ ಬಿಸಿ ಚಹಾ ಆ ಕಡೆಗೆ ಹೋಗಿ ತುಟಿ ಬೊಬ್ಬೆ ಎದ್ದಿತು. ಮನುಷ್ಯ ಹಾಂ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ರಂಜಾನಿನಲ್ಲಿ ಲಕ್ವ ಹೊಡೆದದ್ದು. ಬಲಗೈ, ಬಲಗಾಲು, ಬಲಗಡೆಯ ಮುಖ. ಇಷ್ಟೇ ಅಂದು ಬಿಟ್ಟಿದ್ದಾನೆ ಡಾಕ್ಟರ್.

ಹತ್ತು ಗಂಟೆಗೆ ಹುಲುಗಣ್ಣ ಬಂದ. ಮೊಹರಮಿನಲ್ಲಿ ಕುದುರೆ ಹಿಡಿಯುವವನು. ಅವನಿಗಿಂತ ಮೊದಲು ಅವನಪ್ಪ ಹಿಡಿಯುತ್ತಿದ್ದ.

“ಬೀಯವ್ವಾ, ಜೀನು ಬೂಷ್ಟು ಹಿಡದೈತಿ. ದೇವರ ಮಕಾನದ ಬಾಗ್ಲ ತಗದ್ರ ಕಮಟು ವಾಸನಿ. ಪಾಲಾಕ್ಷಪ್ಪ ಅಂತಾನ, ದಾವಣಗೇರ್ಯಾಗ ರೆಕ್ಸಿನ್‌ದು ಸಿಗ್ತೈತಂತ. ಕೆಂಪಂದು, ಜರಿ ಹಚ್ಚಿದ್ದು. ಒರಸಿದ್ರ ಮುಗೀತಂತ.”

“ಮೊದ್ಲು ಅವನ ಮಾರಿ ಒರಸು ಹೋಗು” ಅಂದೆ.

ಪಾಲಾಕ್ಷಪ್ಪ ಈಗ ಓಣಿಯ ಮೊಹರಂ ಕಮಿಟಿಯ ಹಿರಿಯ. ಜೀನು, ಕುದುರೆಯ ಬೆನ್ನಿಗೆ ಹಾಕುವ ತೊಗಲಿನ ತಡಿ, ನಮ್ಮ ಮಾವ ಹೊಲಿದದ್ದು. ಹತ್ತನೇ ದಿನ ಮೆರವಣಿಗೆಯಲ್ಲಿ ಪೀರಲ ದೇವರ ಮುಂದೆ ನಡೆಯುವ ಕುದುರೆಯ ಮೇಲೆ ಅದೊಂದೇ ಇರುತ್ತದೆ, ಮನುಷ್ಯರು ಕೂಡುವುದಿಲ್ಲ. ವರ್ಷಕ್ಕೊಮ್ಮೆ ಅದನ್ನು ತೊಳೆದು, ಎಣ್ಣೆ ಕುಡಿಸಿ, ಪಟ್ಟಿ ಬಿಗಿಯುವುದು ಇವರ ಕೆಲಸ. ಬೇರೆ ಜೀನು ಹೊಲಿದು ಮೂವತ್ತು ವರ್ಷವಾಯಿತು. ಚಪ್ಪಲಿ ಹೊಲಿದರು, ಸೈಕಲ್ ಸೀಟು ಹೊಲಿದರು, ಹುಡುಗರ ಬ್ಯಾಗ್ ಹೊಲಿದರು. ಆದರೂ ಕೊಟ್ಟೂರಿನಲ್ಲಿ ಜನ ಕರೆಯುವುದು ಜೀನಿನ ಹಸನ್ ಸಾಬ್ ಅಂತ. ಅದೊಂದು ಹೋದರೆ ಈ ಮನುಷ್ಯನಿಗೆ ಮಂಚ ಬಿಟ್ಟು ಏನೂ ಉಳಿಯುವುದಿಲ್ಲ.

ಇವರು ಎಲ್ಲ ಕೇಳಿಸಿಕೊಂಡಿದ್ದರು. ಎಡಗೈಯಿಂದ ಮಂಚ ಗುದ್ದಿದರು. “ಸಾ... ಸಾಬೂನು.”

ಜೀನು ತೊಳೆಯುವ ಸಾಬೂನಿನ ಕೊನೆಯ ಬಿಲ್ಲೆ ಹೋದ ವರ್ಷವೇ ಮುಗಿದಿದೆ. ಮಾಡಬೇಕು.

16-2-99

ಪಕ್ಕದ ಮನೆಯ ದ್ಯಾಮಕ್ಕ ಹಳ್ಳದ ದಂಡೆಯಿಂದ ಸಾಬೂನಿಗೆ ಎರಡು ಬುಟ್ಟಿ ಸವಳು ಮಣ್ಣು ತಂದಳು. ನನಗಿಂತ ಎರಡು ವರ್ಷ ದೊಡ್ಡವಳು, ಬೀಯವ್ವ ಅನ್ನದೆ ಮುನ್ನೀ ಅಂತಲೇ ಕರೆಯುತ್ತಾಳೆ. ಇನ್ನೂ ತಲೆಯ ಮೇಲೆ ಹೊರುತ್ತಾಳೆ, ಹೊತ್ತಷ್ಟೂ ಮಾತಾಡುತ್ತಾಳೆ.

“ಅಂಗಡ್ಯಾಗ ಕಾಸ್ಟಿಕ್ ಡಬ್ಬಿ ಸಿಗ್ತೈತಲ್ಲೇ ಮುನ್ನೀ. ತಂದು ಸುರುವಿದ್ರ ಆತು. ನನ್ನ ನೆತ್ತಿ ಯಾಕ ಸವಸ್ತಿ?”

“ಮೋರಿ ತೊಳಿಯಾಕ ಸಾಕು ಅದು. ತೊಗಲಿಗಲ್ಲ.”

“ಒಂದು ಜೀನಿಗೆ ಇಷ್ಟು ಸೊಕ್ಕು!”

“ಹೌದು. ಇನ್ನೊಂದು ಬುಟ್ಟಿ ತಾ.”

ತಳ ತೂತಿನ ಮಡಕೆ. ಅಡಿಯಲ್ಲಿ ಹುಲ್ಲು. ಮಣ್ಣು ಒಂದು ಪದರ, ಸುಟ್ಟ ಸುಣ್ಣ ಒಂದು ಪದರ, ಮತ್ತೆ ಮಣ್ಣು. ಮೇಲೆ ನೀರು. ಸಂಜೆಯವರೆಗೆ ಹನಿ ಹನಿಯಾಗಿ ಕಾರ, ಅಂದರೆ ಕ್ಷಾರದ ನೀರು, ಇಳಿಯಿತು, ತೆಳು ಚಹಾದ ಬಣ್ಣ. ಕೋಳಿ ಮೊಟ್ಟೆ ಬಿಟ್ಟೆ. ಎಂಟಾಣೆಯಷ್ಟು ಅಗಲ ಮೇಲೆ ತೇಲಿತು. ಅಷ್ಟು ತೇಲಬೇಕು. ನನ್ನ ಅತ್ತೆ ಹೇಳಿಕೊಟ್ಟದ್ದು. ಅವಳಿಗೆ ಅವಳ ಅತ್ತೆ. ಊರಿನವರು ಮಾತ್ರ ಹಸನ್ ಸಾಬನ ಸಾಬೂನು ಅನ್ನುತ್ತಾರೆ. ಅನ್ನಲಿ.

21-2-99, ಭಾನುವಾರ

ಬೆಳಿಗ್ಗೆ ಎಂಟಕ್ಕೆ ಒಲೆ ಹಚ್ಚಿದ್ದು. ಮೂರು ಗಂಟೆವರೆಗೆ ತಿರುವಿದೆ. ಹಿಪ್ಪೆ ಎಣ್ಣೆ ಎರಡು ಪಾಲು, ಔಡಲ ಎಣ್ಣೆ ಒಂದು ಪಾಲು. ಹಿಪ್ಪೆಯದನ್ನು ಗಾಣದ ಬೊಮ್ಮಪ್ಪ ಕೂಡ್ಲಿಗಿ ಕಡೆಯಿಂದ ತಂದುಕೊಟ್ಟ. ಕೊಬ್ಬು ಹಾಕುವಂತಿಲ್ಲ. ಜೀನನ್ನು ಎಲ್ಲ ಜಾತಿಯವರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಯಾವ ಪ್ರಾಣಿಯ ಕೊಬ್ಬು ಅಂತ ಯಾರೂ ಕೇಳುವಂತೆ ಆಗಬಾರದು. ತೊಗಲು ಯಾವ ಪ್ರಾಣಿಯದು ಅಂತ ಮಾತ್ರ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಭುಜ ಕಳಚಿ ಬಿದ್ದ ಹಾಗಿದೆ. ಮೊದಲು ಇಬ್ಬರೂ ಸರದಿಯ ಮೇಲೆ ತಿರುವುತ್ತಿದ್ದೆವು...

22-2-99

ಗಟ್ಟಿಯಾಯಿತು. ಚೂರು ಕತ್ತರಿಸಿ ಇವರ ಹತ್ತಿರ ಒಯ್ದೆ. ಸಾಬೂನನ್ನು ನಾಲಗೆಗೆ ಹಚ್ಚಿ ನೋಡುವುದು ಇವರೇ. ಚುರ್ ಅಂದರೆ ಕಾರ ಉಳಿದಿದೆ, ಮತ್ತೆ ಎಣ್ಣೆ ಹಾಕಿ ಕುದಿಸಬೇಕು. ಏನೂ ಅನ್ನದೆ ಸಪ್ಪಗಿದ್ದರೆ ತಯಾರು. ಮದುವೆಯಾಗಿ ನಲವತ್ತೇಳು ವರ್ಷ, ನಾನು ಒಮ್ಮೆಯೂ ನಾಲಗೆಗೆ ಹಚ್ಚಿಲ್ಲ. ಈ ಮನೆಯಲ್ಲಿ ಕೈ ನನ್ನದು, ನಾಲಗೆ ಅವರದು.

ಚೂರು ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಮೊದಲಿನ ಹಾಗೆಯೇ, ದೊಡ್ಡ ಹಕೀಮನ ಹಾಗೆ.

“ತಯಾರ್.”

ಎರಡು ತಿಂಗಳಲ್ಲಿ ಮುಖದ ಮೇಲೆ ಕಳೆ ಬಂದದ್ದು ಇವತ್ತು. ಬಿಲ್ಲೆ ಕತ್ತರಿಸಿ ನೆರಳಿನಲ್ಲಿ ಒಣಗಲು ಇಟ್ಟೆ. ನನ್ನ ಉಗುರಿನ ಬುಡದ ಗಾಯ ಉರಿಯುತ್ತಿದೆ. ತಣ್ಣೀರಲ್ಲಿ ಅದ್ದಿದೆ. ಇನ್ನೂ ಉರಿಯುತ್ತಿದೆ.

28-3-99, ಭಾನುವಾರ

ಹುಲುಗಣ್ಣ ಜೀನು ಹೊತ್ತು ತಂದ. ಮಂಚದ ಪಕ್ಕ ಇಳಿಸಿದ. ಇವರು ಎಡಗೈಯಿಂದ ಅದರ ಅಂಚು, ಹೊಲಿಗೆ, ಕೊಂಡಿ ಎಲ್ಲ ತಡವಿದರು. ಮೂಸಿದರು.

“ಸಾಬ್ರ, ಬೀಯವ್ವ ತೊಳಿತಾಳ ಬಿಡ್ರಿ.”

ತಲೆ ಅಲ್ಲಾಡಿಸಿದರು. ಎಡಗೈಯಲ್ಲೇ ಅರಿವೆ ಹಿಡಿದರು. ನಾನು ಸಾಬೂನಿನ ನೊರೆ ಮಾಡಿ ಕೊಟ್ಟೆ. ಸವಾರನ ಕಾಲು ಬರುವ ಎಡಮಗ್ಗುಲನ್ನು ಎರಡು ಗೇಣಿನಷ್ಟು ತಿಕ್ಕಿದರು. ಒಂದೂವರೆ ತಾಸು. ಬೆವರು. ಸಾಕು ಅಂದರೆ ಕೇಳಲಿಲ್ಲ. ಕೊನೆಗೆ ಅರಿವೆ ಕಸಿದುಕೊಂಡೆ. ಬೈದರು. ಬೈಗುಳ ಸರಿಯಾಗಿ ಹೊರಡಲಿಲ್ಲ, ಇಬ್ಬರೂ ನಕ್ಕೆವು.

29-3-99, ಬೆಳಿಗ್ಗೆ 6

ಸುಟ್ಟಿದೆ. ಜೀನಿನ ಮೇಲೆ ತೊಳೆದಷ್ಟು ಜಾಗ ಕಪ್ಪು. ಒಣಗಿದ ಹಪ್ಪಳದ ಹಾಗೆ ಸೆಟೆದಿದೆ. ಸ್ವಲ್ಪ ಬಗ್ಗಿಸಿದೆ. ಮೇಲೆಯೇ ಸೀಳು ಬಿಟ್ಟಿತು.

ಇವರು ಎದ್ದಿಲ್ಲ.

ಅದೇ ದಿನ, ಮಧ್ಯಾಹ್ನ

ಹಿತ್ತಲಿಗೆ ಹೋಗಿ ಬಿಲ್ಲೆಯ ಚೂರನ್ನು ನಾಲಗೆಗೆ ಹಚ್ಚಿದೆ. ಮೊದಲ ಸಲ. ಬೆಂಕಿ ತಗುಲಿದ ಹಾಗೆ ಚುರ್ ಅಂತು. ಉಗುಳಿದೆ, ಬಾಯಿ ತೊಳೆದೆ, ಮತ್ತೆ ಉಗುಳಿದೆ.

ಹಸಿ ಕಾರ. ಚಿಕ್ಕ ಮಗು ಹಚ್ಚಿಕೊಂಡರೂ ಅಳುತ್ತಿತ್ತು. ಅವತ್ತು ಅವರು ಚೂರನ್ನು ಬಲಗಡೆಗೆ ಇಟ್ಟುಕೊಂಡಿದ್ದಾರೆ. ಆ ಕಡೆಯ ನಾಲಗೆ ಸತ್ತಿದೆ. ಚಹಾ ಸುಟ್ಟಾಗ ನಾನು ನೋಡಿದ್ದೆ. ದಿನಾ ಬೆರಳು ಹಾಕಿ ಅನ್ನ ತೆಗೆಯುವವಳು ನಾನು. ನನ್ನ ಬೆರಳಿನ ಗಾಯ ಉರಿದಾಗಲೂ ಯಾಕೆ ಅಂತ ಕೇಳಿಕೊಳ್ಳಲಿಲ್ಲ. ನಾಲಗೆ ಅವರದು ಅಂತ ಸುಮ್ಮನಿದ್ದೆ. ಕತ್ತೆ ನಾನು.

ಎದ್ದ ಮೇಲೆ ಜೀನು ತೋರಿಸು ಅಂದರು. ತೋರಿಸಿದೆ. ಕಪ್ಪು ನೋಡಿದರು. ನನ್ನನ್ನು ನೋಡಿದರು.

“ಹಸಿ ಇದ್ದಾಗ್ಲೇ ಬಿಸಿಲಿಗಿಟ್ಟೆ” ಅಂದೆ. “ನಂದೇ ತಪ್ಪು.”

“ಕೆಲಸಾ... ಗೊತ್ತಿಲ್ದಾಕಿ!” ಲಕ್ವ ಹೊಡೆದ ಮೇಲೆ ಇಷ್ಟು ಸ್ಪಷ್ಟವಾಗಿ ಏನೂ ಅಂದಿರಲಿಲ್ಲ. ನಲವತ್ತೇಳು ವರ್ಷದಲ್ಲಿ ಅವರ ಒಂದು ಮಾತಿಗೆ ಎರಡು ಕೊಡದೆ ಬಿಟ್ಟವಳಲ್ಲ. ಇವತ್ತು ಒಳಗೆ ಹೋಗಿ ಜೋಳ ಕೇರಿದೆ.

2-4-99, ಶುಕ್ರವಾರ

ಪಾಲಾಕ್ಷಪ್ಪ ತಾನೇ ಬಂದ. ಇವರು ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಕಿವಿ ಮಾತ್ರ ಇತ್ತ.

“ಯಾರು ಮಾಡಿದ್ದು ಇದನ್ನ?”

“ನಾನು. ಬಿಸಿಲಿಗಿಟ್ಟೆ.”

“ಅದಕ್ಕಽ ಹೆಣ್ಮಕ್ಳ ಕೈಯಾಗ ಕೊಡಬಾರ್ದು ಅನ್ನಾದು.”

ಸೌಟು ಕೈಯಲ್ಲಿತ್ತು. ಎಸೆಯಲಿಲ್ಲ. ಹುಲುಗಣ್ಣ ಮಧ್ಯೆ ಬಾಯಿ ಹಾಕಿದ.

“ಅಣ್ಣಾ, ಇನ್ನ ದೇವರು ಕೂಡ್ರಾಕ ದಿನ ಅದಾವು. ಬೀಯವ್ವ ಸರಿ ಮಾಡ್ತಾಳ.”

“ಇಪ್ಪತ್ತನೇ ತಾರೀಖಿಗೆ ಬಂದು ನೋಡ್ತೀನಿ. ಬಗ್ಗಿಸಿದ್ರ ಸೀಳಬಾರ್ದು. ಸೀಳಿದ್ರ ದಾವಣಗೇರಿಗೆ ಗಾಡಿ ಕಳಸ್ತೀನಿ, ನೋಡ್ರಿ.”

ಹುಳಿ ಮಜ್ಜಿಗೆಯಲ್ಲಿ ಅರಿವೆ ಅದ್ದಿ ಸುಟ್ಟ ಜಾಗಕ್ಕೆ ಹಾಕಿದೆ. ಹುಳಿ ಬಿದ್ದರೆ ಕಾರ ಸಾಯುತ್ತದೆ. ಆಮೇಲೆ ಔಡಲ ಎಣ್ಣೆ, ಬೆರಳಿನಲ್ಲೇ, ಚೂರು ಚೂರು.

5-4-99

ಎಲ್ಲ ಬಿಲ್ಲೆ ಹೆರೆದು, ಎಣ್ಣೆ ಸೇರಿಸಿ ಮತ್ತೆ ಕುದಿಸಿದೆ. ಹಿತ್ತಲಲ್ಲಿ ನಾನೇ ಮೊದಲು ನಾಲಗೆಗೆ ಹಚ್ಚಿ ನೋಡಿದೆ. ಚುರ್. ವಾಸನೆ ಒಳಗೆ ಹೋಗಿದೆ, ಇವರು ಕೈ ಚಾಚಿ ಕೂತಿದ್ದರು. ಕೊಡದೆ ಇರುವುದು ಹೇಗೆ?

“ಹೊಸದು ಮಾಡೀನಿ” ಅಂದೆ.

ಇಟ್ಟುಕೊಂಡರು. ಕಣ್ಣು ಮುಚ್ಚಿದರು. “ತಯಾರ್.”

“ಆಗ್ಲಿ” ಅಂದು ಬಂದು ಮತ್ತೆ ಒಲೆ ಹಚ್ಚಿದೆ.

7-4-99

ಇನ್ನೂ ಸ್ವಲ್ಪ ಚುರ್ ಇದೆ. ಅವರು ಮತ್ತೆ ತಯಾರ್ ಅಂದರು. ಮತ್ತೆ ಕುದಿಸಿದೆ. ದ್ಯಾಮಕ್ಕ ಗೋಡೆ ಮೇಲಿಂದ ಹಣಿಕಿ ಹಾಕಿ, “ಏನಲೇ ಮುನ್ನೀ, ಸಾಬೂನು ಮಾಡಾಕತ್ತಿಯೋ, ಬಾಣಂತಿಗೆ ನೀರು ಕಾಸಾಕತ್ತಿಯೋ?” ಅಂದಳು. ಸುಮ್ಮನಿರು ಅಂತ ಕಿರುಚಿದೆ. ಆಮೇಲೆ ಅವಳೇ ಕಟ್ಟಿಗೆ ತಂದು ಹಾಕಿದಳು.

9-4-99

ಸಪ್ಪಗಿದೆ. ಮೂರು ಸಲ ಹಚ್ಚಿದೆ, ಏನೂ ಅನ್ನಲಿಲ್ಲ. ಬಾಯಿ ತುಂಬ ಹಿಪ್ಪೆ ವಾಸನೆ. ಇವರಿಗೂ ಒಯ್ದು ಕೊಟ್ಟೆ. ಈ ಸಲ ತುಂಬ ಹೊತ್ತು ಇಟ್ಟುಕೊಂಡರು. ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಿದ್ದರು. ತಯಾರ್ ಅಂದದ್ದು ನನಗೆ ಕೇಳಿತೋ ಇಲ್ಲವೋ.

20-4-99, ಮಂಗಳವಾರ

ಮೊಹರಂ ಚಂದ್ರ ಕಂಡಾಯಿತು. ಹೊಸ ಸಾಬೂನಿನಲ್ಲಿ ತೊಳೆದು ಎಣ್ಣೆ ಕುಡಿಸಿದ ಜೀನನ್ನು ಅಂಗಳದ ಕಲ್ಲಿನ ಮೇಲೆ ಇಟ್ಟೆ. ಇವರನ್ನು ಕಟ್ಟೆಗೆ ತಂದು ಗೋಡೆಗೆ ಒರಗಿಸಿದೆ. ಹನ್ನೊಂದಕ್ಕೆ ಪಾಲಾಕ್ಷಪ್ಪ, ಹಿಂದೆ ಹುಲುಗಣ್ಣ.

ಮಗ್ಗುಲು ಹಿಡಿದು ಬಗ್ಗಿಸಿದ. ಇನ್ನೂ ಬಗ್ಗಿಸಿದ. ಹಳೆಯ ಸೀಳು ಅಷ್ಟೇ, ಹೊಸದು ಬಿಡಲಿಲ್ಲ.

“ಮೆತ್ತಗಾಗೈತಿ. ಕಪ್ಪು ಕಲಿ ಹಂಗಽ ಐತಿ.”

“ಕಲಿ ಇರ್ತೈತಿ. ಅದೇನು ಸೀರಿಯೇನು?”

ಅವನು ನನ್ನ ಕಡೆ ನೋಡಲಿಲ್ಲ. ಇವರಿಗೆ ಹೇಳಿದ. “ಸಾಬ್ರ, ಇದನ್ನಽ ಇಡಾಣ. ಆದ್ರ ಒಂದು ಮಾತು. ಇನ್ನ ಮ್ಯಾಲೆ ಇದಕ್ಕ ಈಕಿ ಕೈ ಹಚ್ಚಂಗಿಲ್ಲ. ನಿಮ್ಮ ಬಾಯಿಲೆ ಹೂಂ ಅನ್ರಿ. ಕಮಿಟ್ಯಾಗ ನಾ ಹೇಳ್ಕೊಂತೀನಿ.”

ಹೂಂ ಅನ್ನಿ ಅಂತ ಕಣ್ಸನ್ನೆ ಮಾಡಿದೆ. ಒಂದು ಹೂಂ. ಜೀನು ಉಳಿಯುತ್ತದೆ. ನನ್ನ ಕೈ ಹೋದರೆ ಹೋಯಿತು.

ಅನ್ನಲಿಲ್ಲ. ಎಡಗೈ ಎತ್ತಿ ತಮ್ಮ ಬಲತುಟಿ ಚಿವುಟಿಕೊಂಡರು. ಇನ್ನೊಮ್ಮೆ, ಉಗುರು ಮೂಡುವ ಹಾಗೆ. ರಕ್ತ ಬಂತು.

“ಇದು... ಸತ್ತೈತಿ. ಸಾಬೂನು... ನಾ ನೋಡಿದ್ದು. ತಯಾರ್ ಅಂದಿದ್ದು... ನಾ. ತಿಕ್ಕಿದ್ದೂ ನಾ. ಆಕಿ ಅಲ್ಲ.”

ಹುಲುಗಣ್ಣ ನೆಲ ನೋಡುತ್ತಿದ್ದ. ಪಾಲಾಕ್ಷಪ್ಪನೂ ಮೆತ್ತಗಾದ.

“ಹಂಗಾದ್ರ ಸಾಬ್ರ... ಇನ್ನ ಇದನ್ನ ನೋಡ್ಕೊಳ್ಳಾರು ಯಾರು? ನಾವು ಯಾರ್ನ ನಂಬಬೇಕು?”

ಇವರ ಎಡಗೈ ನನ್ನ ಕಡೆ ಚಾಚಿತು. ಹಾಗೇ ಹಿಡಿದಿದ್ದರು, ಇಳಿಸಲಿಲ್ಲ.

ಪಾಲಾಕ್ಷಪ್ಪ ಚಪ್ಪಲಿ ಮೆಟ್ಟಿಕೊಂಡು ಹೋದ. ಹೂಂ ಇಲ್ಲ, ಊಹೂಂ ಇಲ್ಲ.

21-4-99

ಜಗಳ ಮಾಡಿದೆ. “ಒಂದು ಹೂಂ ಅಂದಿದ್ರ ಮುಗೀತಿತ್ತು! ಜೀನು ಉಳೀತಿತ್ತು! ಯಾರು ಕೇಳಿದ್ರು ನಿಮ್ಮನ್ನ?”

ಎಡಗೈಯಿಂದ ಹೊದಿಕೆ ಎಳೆದುಕೊಂಡರು.

“ನಾಲಗಿ ಸತ್ತೈತಿ ಅಂತ ಯಾವಾಗ ಗೊತ್ತಾತು?” ಅಂತ ಕೇಳಿದೆ.

“ಸುಟ್ಟ ಮ್ಯಾಲೆ ಮೂರು ಸಲ... ತಂದಿ. ತಯಾರಾದ ಸಾಬೂನ... ಯಾರು ಮತ್ತ ತರ್ತಾರ?”

“ಅವತ್ತು ಬೈದೆ, ಮಾಫ್ ಮಾಡು” ಅಂತೇನೂ ಇವರು ಅನ್ನಲಿಲ್ಲ. ಅನ್ನುವ ಮನುಷ್ಯನಲ್ಲ. ಗಂಜಿಗೆ ಉಪ್ಪು ಜಾಸ್ತಿ ಅಂದರು. ಎಡಗಡೆಯಿಂದ ತಿಂದಿದ್ದರು.

22-4-99

ಮಕಾನದಲ್ಲಿ ದೇವರು ಕೂತವು. ಜೀನು ಒಯ್ಯಲು ಯಾರೂ ಬರಲಿಲ್ಲ.

25-4-99

ಬರಲಿಲ್ಲ. ಇವರು ಬಾಗಿಲ ಕಡೆ ನೋಡುತ್ತಾರೆ. ಗಾಳಿ ಬೇಕೇನು ಅಂತ ಕೇಳಿ ಬಾಗಿಲು ಪೂರ್ತಿ ತೆರೆದಿಟ್ಟೆ.

27-4-99, ಬೆಳಿಗ್ಗೆ 7

ಹತ್ತನೇ ದಿನ. ಹುಲುಗಣ್ಣ ಓಡಿ ಬಂದ, ಉಸಿರು ತೆಗೆದುಕೊಳ್ಳದೆ ಹೇಳಿದ.

“ಬೀಯವ್ವಾ, ರೆಕ್ಸಿನ್‌ದೂ ತಂದಾರ. ಮೆರವಣಿಗ್ಯಾಗ ಮೊದಲ್ನೇ ಸುತ್ತು ಹಳೇದು, ಉಳಿದ ಎರಡು ಸುತ್ತು ಹೊಸದು ಅಂತ ಆಗೈತಿ. ರಾತ್ರಿ ಕಮಿಟ್ಯಾಗ ಭಾಳ ಬಾಯಿ ಆತು.”

“ಒಂದು ಸುತ್ತು” ಅಂದೆ.

“ಹೂಂ, ಒಂದಽ. ಮತ್ತ... ಪಾಲಾಕ್ಷಪ್ಪ ಅಂದ, ಜೀನು ತರಾದಷ್ಟಽ ಅಲ್ಲ, ಕುದುರಿಗೆ ಪಟ್ಟಿ ಬಿಗಿಯಾಕ ಆಕೀನಽ ಬರಬೇಕು ಅಂತ. ಹೆಣ್ಮಗಳು ಅಂತ ಯಾರರ ಅಂದ್ರ ನನ್ನ ಕಡೆ ಕಳಸು ಅಂದ.”

ನಾನು ಇವರ ಕಡೆ ನೋಡಿದೆ. ಒಂದು ಸುತ್ತು ಅಂದದ್ದು ಕೇಳಿತ್ತು. ಮುಖ ಬಿತ್ತು. ಆಮೇಲೆ ಎಡಗೈಯಿಂದ ಹೋಗು ಅಂತ ಮಾಡಿದರು.

ಪಟ್ಟಿ ಬಿಗಿಯುವುದನ್ನು ದೂರದಿಂದ ನೋಡಿದ್ದೇನೆ, ಕೈಯಾರೆ ಬಿಗಿದಿಲ್ಲ. ಹೊಟ್ಟೆ ಪಟ್ಟಿಗೆ ಏಳು ತೂತು. ಸಡಿಲವಾದರೆ ಓಣಿಯ ಮಧ್ಯೆ ಜೀನು ಜಾರುತ್ತದೆ, ಬಿಗಿಯಾದರೆ ಕುದುರೆ ಎಗರುತ್ತದೆ. ಎಷ್ಟನೇ ತೂತು ಅಂತ ಕೇಳಿದೆ. ಕುದುರೆ ಉಸಿರು ಬಿಡುವವರೆಗೆ ಕಾಯಬೇಕು ಅಂದರು. ಅಷ್ಟು ಹೇಳಲು ಎಷ್ಟು ಹೊತ್ತು ಹಿಡಿಯಿತೋ. ಇನ್ನೂ ಏನೋ ಇದೆಯಂತೆ, ಕೂತುಕೋ ಅಂತ ಮಂಚ ತಟ್ಟುತ್ತಿದ್ದಾರೆ. ಹುಲುಗಣ್ಣ ಹೊರಗೆ ಕೂಗುತ್ತಿದ್ದಾನೆ. ಕೂಗಲಿ. ಮೊದಲು ಇವರು ಹೇಳುವುದನ್ನು ಬರೆದುಕೊಂಡೇ—

ಉಸಿರು ಬಿಟ್ಟ ಮೇಲೆ ನಾಲ್ಕನೇ ತೂತು. ಮುಂಗಾಲಿನ ಹಿಂದೆ ಎರಡು ಬೆರಳು ಹಿಡಿಸಬೇಕು. ಆಮೇಲೆ ಎಡಗಡೆಯ ಕೊಂಡಿ ಎಳೆದು ನೋಡಬೇಕು. ಇಷ್ಟು ಸಾಕು, ಹೊರಟೆ.