ಅಜ್ಜಿಯ ಅಮ್ಮ

ಮಾರ್ಚ್ ೧೨, ಗುರುವಾರ

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ತನ್ನನ್ನು ಹೆತ್ತ ಕೂಡಲೇ ಅಮ್ಮ ತೀರಿಕೊಂಡಳೆಂದು ಅಜ್ಜಿ ಇಷ್ಟು ವರ್ಷ ನಂಬಿದ್ದಳು. ವಂಶವೃಕ್ಷ ಬರೆಯುವ ಹುಚ್ಚಿನಲ್ಲಿ ನಾನು ಪಕ್ಕದ ಊರಿನ ಮರಣ ದಾಖಲೆ ತೆಗೆಸಿದೆ. ಅಜ್ಜಿಯ ಅಮ್ಮ ಇನ್ನೊಬ್ಬನನ್ನು ಮದುವೆಯಾಗಿ, ಅಜ್ಜಿಗೆ ನಲವತ್ತಾಗುವವರೆಗೂ ಅಲ್ಲೇ ಬದುಕಿದ್ದಳು. ಏನೋ ಗೆದ್ದು ಬಂದವನಂತೆ ಓಡಿಬಂದು ಹೇಳಿಬಿಟ್ಟೆ.

ಅಜ್ಜಿ ಒಗೆದ ಬಟ್ಟೆ ಮಡಚುತ್ತಿದ್ದಳು.

"ನನ್ನ ಮದುವೆ ಹೊತ್ತಿಗೆ ಅವಳು ಬದುಕಿದ್ಳಾ?"

"ಹೂಂ ಅಜ್ಜಿ."

"ನಿಮ್ಮಮ್ಮ ಹುಟ್ಟಿದಾಗ?"

ಹೌದೆಂದು ತಲೆಯಾಡಿಸಿದೆ. ಕೈಲಿದ್ದ ಟವೆಲನ್ನು ಅವಳು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ಇಷ್ಟು ದಿನ ನನಗೆ ಅಮ್ಮನ ಮೇಲೆ ಸಿಟ್ಟೇ ಇರಲಿಲ್ಲ ಕಣೋ," ಅಂದಳು.

ಊಟಕ್ಕೂ ಏಳಲಿಲ್ಲ. ಅವಳ ಕೋಣೆಯಲ್ಲಿ ಇನ್ನೂ ದೀಪ ಉರಿಯುತ್ತಿದೆ. ಹೋಗಿ ಪಕ್ಕದಲ್ಲಿ ಕೂರಬೇಕು. ಕೂತು ಏನಂತ ಹೇಳಲಿ?